ಗೋಡೆಯ ಮೇಲಿನ ಮೂರು ಮಾತು

ಇಂದಿನ ಧಮ್ಮ ಚಿಂತನೆ



ಹೋದ ಭಾನುವಾರ ಸೈದಾಪುರದ ನಮ್ಮ ಅಧ್ಯಯನ ಬಳಗದಲ್ಲಿ ನನ್ನಿಂದ ಒಂದು ತಪ್ಪಾಯಿತು. ಅದನ್ನು ನಿಮ್ಮೆಲ್ಲರ ಮುಂದೆ ಹೇಳಿಕೊಂಡೇ ಇಂದಿನ ಚಿಂತನೆ ಆರಂಭಿಸುತ್ತೇನೆ.

ತ್ರಿಸರಣ, ಪಂಚಶೀಲ ಮುಗಿದಿತ್ತು. ನಾವು ಕೂರುವ ಕೋಣೆಯ ಗೋಡೆಯಲ್ಲಿ ಬಾಬಾಸಾಹೇಬರ ಚಿತ್ರದ ಕೆಳಗೆ 'ಶಿಕ್ಷಣ, ಸಂಘಟನೆ, ಹೋರಾಟ' ಎಂದು ನೀಲಿ ಬಣ್ಣದಲ್ಲಿ ಬರೆದಿದೆ. ಬಣ್ಣ ಮಾಸಿದೆ, ಹೊಸದಾಗಿ ಬರೆಸೋಣ ಎಂಬ ಮಾತು ಬಂತು. ಆಗ ಡಿಗ್ರಿ ಓದುತ್ತಿರುವ ಒಬ್ಬ ಹುಡುಗಿ ಎದ್ದು ನಿಂತಳು. "ಸರ, ಗ್ವಾಡಿ ಮ್ಯಾಲ ಒಂದು ಅದರಿ, ಇಂಗ್ಲಿಷ್ ಪುಸ್ತಕದಾಗ ಇನ್ನೊಂದು ಅದ. ಅಲ್ಲಿ ಹೋರಾಟ ನಡುವ ಬರ್ತದ, ಸಂಘಟನೆ ಕಡೀಗೆ. ಹೊಸದಾಗಿ ಬರಸೋದಾದ್ರ ಬಾಬಾಸಾಹೇಬರು ಹೇಳಿದಂಗೇ ಬರಸ್ರಿ" ಅಂದಳು.

ನಾನು ಯೋಚಿಸಲೇ ಇಲ್ಲ. "ನೀ ಹುಟ್ಟೂಕಿಂತ ಮೊದಲಿಂದ ನಾವು ಹಿಂಗೇ ಹೇಳಕೋತ ಬಂದೀವಿ. ಕುಂದ್ರವ್ವ" ಅಂದುಬಿಟ್ಟೆ. ಅವಳು ಕುಳಿತಳು. ಸಭೆ ಮುಗಿಯುವವರೆಗೂ ಮತ್ತೆ ಬಾಯಿ ತೆರೆಯಲಿಲ್ಲ.

ರಾತ್ರಿ ನಿದ್ದೆ ಹತ್ತಲಿಲ್ಲ. 'ಮೊದಲಿನಿಂದ ಹೀಗೇ ನಡೆದು ಬಂದಿದೆ, ನೀನು ಕೇಳಬೇಡ' ಎಂಬ ಮಾತು ನಮಗೆ ಹೊಸದೇ? ಬಾವಿಯ ಹತ್ತಿರ, ಗುಡಿಯ ಮುಂದೆ, ಹೋಟೆಲಿನ ಹೊರಗೆ ನಮ್ಮ ಅಪ್ಪಂದಿರು ಕೇಳಿದ್ದು ಇದನ್ನೇ. ಇದನ್ನು ಬಿಟ್ಟು ಬರಲೆಂದೇ ನಾವು ಬುದ್ಧನಿಗೆ ಶರಣು ಹೋದೆವು. ಅದೇ ಮಾತು ನನ್ನ ಬಾಯಲ್ಲಿ ಬಂದಿತ್ತು.

ಎದ್ದು ಪುಸ್ತಕ ತೆಗೆದೆ. ಹುಡುಗಿ ಹೇಳಿದ್ದು ಸರಿ ಇತ್ತು. 1924ರಲ್ಲಿ ಬಾಬಾಸಾಹೇಬರು ಮುಂಬಯಿಯಲ್ಲಿ ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಧ್ಯೇಯವಾಕ್ಯ 'ಎಜುಕೇಟ್, ಅಜಿಟೇಟ್, ಆರ್ಗನೈಜ್'. 1942ರ ಜುಲೈನಲ್ಲಿ ನಾಗಪುರದ ಪರಿಶಿಷ್ಟರ ಅಖಿಲ ಭಾರತ ಸಮ್ಮೇಳನದಲ್ಲಿ ಅವರು ಕೊನೆಯ ಬುದ್ಧಿಮಾತಾಗಿ ಹೇಳಿದ್ದೂ ಇದೇ ಕ್ರಮದಲ್ಲಿ. ಜೊತೆಗೆ ನಿಮ್ಮ ಮೇಲೆ ನೀವು ನಂಬಿಕೆ ಇಡಿ ಎಂದರು. ಈ ಮೂರು ಪದಗಳು 1880ರ ದಶಕದಲ್ಲೇ ಇಂಗ್ಲೆಂಡಿನ ಸಮಾಜವಾದಿಗಳ ಬಾಯಲ್ಲಿ ಇದ್ದವು. ಅಲ್ಲಿಯೂ ಅಜಿಟೇಟ್ ನಡುವೆಯೇ ಇತ್ತು.

ಹಾಗಾದರೆ ನಮ್ಮಲ್ಲಿ ಕ್ರಮ ಬದಲಾದದ್ದು ಹೇಗೆ? ಮರಾಠಿಯಲ್ಲಿ 'ಶಿಕಾ, ಸಂಘಟಿತ ವ್ಹಾ, ಸಂಘರ್ಷ ಕರಾ' ಎನ್ನುತ್ತಾರೆ. ದೀಕ್ಷಾಭೂಮಿಗೆ ಹೋಗಿ ಬಂದ ನಮ್ಮ ಹಿರಿಯರೆಲ್ಲ ಅದನ್ನು ಬಲ್ಲರು. ಅಜಿಟೇಟ್ ಎಂಬುದನ್ನು ಹೋರಾಟ ಎಂದು ತಿಳಿದ ಮೇಲೆ, ಸಂಘ ಕಟ್ಟದೆ ಬೀದಿಗಿಳಿಯುವುದು ಹೇಗೆ ಎಂದು ಸಂಘಟನೆಯನ್ನು ಮೊದಲು ಇಟ್ಟಿರಬಹುದು ಎಂದು ನನಗೆ ತೋರುತ್ತದೆ. ಆ ಘೋಷಣೆ ಕೂಗಿ ಲಾಠಿ ಏಟು ತಿಂದವರನ್ನು ನಾನು ತಪ್ಪು ಎನ್ನಲಾರೆ.

ಆದರೆ ಅಜಿಟೇಟ್ ಎಂದರೆ ಬೀದಿಯ ಹೋರಾಟ ಮಾತ್ರವಲ್ಲ; ಕಲಕುವುದು, ಕಡೆಯುವುದು ಎಂಬ ಅರ್ಥವೂ ಅದಕ್ಕಿದೆ. ನಮ್ಮ ಅವ್ವಂದಿರು ಮಾಡುವುದನ್ನು ನೆನೆಯಿರಿ. ಹಾಲಿಗೆ ಹೆಪ್ಪು ಹಾಕುತ್ತಾರೆ. ಮೊಸರಾದ ಮೇಲೆ ಕಡೆಯುತ್ತಾರೆ. ಕಡೆದ ಮೇಲೆಯೇ ಬೆಣ್ಣೆ ಒಂದುಗೂಡುತ್ತದೆ. ಕಲಿತವನ ಮನಸ್ಸು ಕಲಕದಿದ್ದರೆ ಅವನು ನೌಕರಿ ಹಿಡಿದು ಸುಮ್ಮನಾಗುತ್ತಾನೆ. ಮನಸ್ಸು ಕಲಕದ ಜನ ಕೂಡಿದರೆ ಅದು ಜಾತ್ರೆಯ ಗುಂಪು, ಸಂಘವಲ್ಲ. ಈ ಹೋಲಿಕೆ ನನ್ನದು ಬಂಧುಗಳೇ, ಬಾಬಾಸಾಹೇಬರ ಹೆಸರು ಹಾಕಿ ಯಾರೂ ಮುಂದೆ ಕಳಿಸಬೇಡಿ.

ಭಗವಾನರ ಮಾತಿಗೂ ಹೀಗೇ ಆಗಿದೆ, ಅವರು ಬದುಕಿದ್ದಾಗಲೇ. ಅರಿಟ್ಠ ಎಂಬ ಭಿಕ್ಖು ಗುರುವಿನ ಮಾತನ್ನು ತಿರುಚಿ ಹೇಳುತ್ತಿದ್ದ. ಆಗ ಭಗವಾನರು ಕೊಟ್ಟದ್ದು ಹಾವಿನ ಉಪಮೆ. ಬಾಲ ಹಿಡಿದವನನ್ನು ಹಾವು ತಿರುಗಿ ಕಚ್ಚುತ್ತದೆ. ಧಮ್ಮವನ್ನು ತಪ್ಪಾಗಿ ಹಿಡಿದವನ ಪಾಡೂ ಅದೇ. ಹೊಲದಲ್ಲಿ ದುಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಯ ಪಯಣದಲ್ಲಿ ಭೋಗನಗರದಲ್ಲಿ ಅವರು ನಾಲ್ಕು ಮಹಾಪದೇಶ ಹೇಳಿದರು. ಒಬ್ಬನು ಬಂದು 'ಬುದ್ಧರ ಬಾಯಿಂದಲೇ ಕೇಳಿದೆ' ಎನ್ನಲಿ, 'ಸಂಘದಿಂದ ಕೇಳಿದೆ' ಎನ್ನಲಿ, 'ಹಲವು ಥೇರರಿಂದ, ಒಬ್ಬ ಥೇರರಿಂದ ಕೇಳಿದೆ' ಎನ್ನಲಿ. ಕೂಡಲೇ ಒಪ್ಪಬೇಡಿ, ಹೀಗಳೆಯಲೂ ಬೇಡಿ. ಸುತ್ತ ಮತ್ತು ವಿನಯದೊಂದಿಗೆ ಹೋಲಿಸಿ ನೋಡಿ. ಆ ಹುಡುಗಿ ಮಾಡಿದ್ದು ಇದನ್ನೇ. ನಾನು ಹೋಲಿಸದೆ ಹೀಗಳೆದೆ.

ಬಾಬಾಸಾಹೇಬರೂ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬುದ್ಧವಚನ ತಪ್ಪಾಗಿ ವರದಿಯಾದ ಐದು ಸಂದರ್ಭಗಳನ್ನು ತೋರಿಸಿ ಪರೀಕ್ಷೆಯನ್ನೂ ಕೊಟ್ಟಿದ್ದಾರೆ. ಅದು ತರ್ಕಕ್ಕೆ ನಿಲ್ಲುತ್ತದೆಯೇ? ಮನುಷ್ಯನ ಹಿತಕ್ಕೆ ಸಂಬಂಧಿಸಿದೆಯೇ? ಬುದ್ಧರು ಖಚಿತವಾಗಿ ಹೇಳಿದ ವಿಷಯವೇ, ಅಲ್ಲವೇ? ಬುದ್ಧರ ಮಾತನ್ನೇ ಹೀಗೆ ಒರೆಗೆ ಹಚ್ಚಿದವರು, ತಮ್ಮ ಮಾತನ್ನು ಒರೆಗೆ ಹಚ್ಚಿದರೆ ಬೇಸರಪಡುತ್ತಿದ್ದರೇ?

ನಮ್ಮ ಪಕ್ಕದಲ್ಲೇ ಇನ್ನೊಂದು ಸಾಕ್ಷಿ ಇದೆ. ಭೀಮಾ ತೀರದ ಸನ್ನತಿಯಲ್ಲಿ 1980ರ ದಶಕದಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಮೇಲೆ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಕಂಡಿತು. ಆ ಕಲ್ಲಿನಲ್ಲಿ 14ನೇ ಶಿಲಾಶಾಸನವೂ ಇದೆ. ಕೆಲವು ಕಡೆ ಬರಹ ಪೂರ್ತಿಯಾಗಿಲ್ಲದಿರಬಹುದು, ಬರೆದವನ ತಪ್ಪೂ ಇರಬಹುದು ಎಂದು ರಾಜನೇ ಅದರಲ್ಲಿ ಕೆತ್ತಿಸಿದ್ದಾನೆ. ಕಲ್ಲಿನ ಬರಹದಲ್ಲಿ ತಪ್ಪಿರಬಹುದೆಂದು ಚಕ್ರವರ್ತಿ ಒಪ್ಪಿದ. ನಾನು ಸುಣ್ಣದ ಗೋಡೆಯ ಬರಹಕ್ಕೆ ಹಟ ಹಿಡಿದೆ.

ಮರುದಿನ ಆ ಮಗಳ ಮನೆಗೆ ಹೋದೆ. "ತಪ್ಪಾತವ್ವ" ಅಂದೆ. ಅವಳು ನಾಚಿಕೊಂಡು ಚಹಾ ತಂದಳು. ಈ ಭಾನುವಾರ ಅವಳೇ ಪುಸ್ತಕ ತಂದು ಎಲ್ಲರಿಗೂ ಓದಿ ತೋರಿಸುತ್ತಾಳೆ. ಗೋಡೆಯ ಮೇಲೆ ಏನು ಬರೆಸಬೇಕೆಂದು ಓದಿದ ಮೇಲೆ ಎಲ್ಲರೂ ಕೂಡಿ ತೀರ್ಮಾನಿಸೋಣ. ನಾನು ಕೆಳಗೆ ಕುಳಿತು ಕೇಳುತ್ತೇನೆ.

ಇಂದಿನ ಅಭ್ಯಾಸ: ಬುದ್ಧರ ಅಥವಾ ಬಾಬಾಸಾಹೇಬರ ಹೆಸರಿನಲ್ಲಿ ಮೊಬೈಲಿಗೆ ಬಂದ ಯಾವುದಾದರೂ ಒಂದು ಮಾತನ್ನು ಇಂದು ಪುಸ್ತಕ ತೆರೆದು ಹುಡುಕಿ. ಸಿಕ್ಕರೆ ಮುಂದೆ ಕಳಿಸಿ. ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಮನೆಯಲ್ಲಿ ಮಕ್ಕಳು ಪ್ರಶ್ನೆ ಕೇಳಿದರೆ 'ಕುಂದ್ರು' ಎನ್ನಬೇಡಿ.

ಭವತು ಸಬ್ಬ ಮಂಗಲಂ.
ಜೈ ಭೀಮ್.