ವಸಂತಕ್ಕೆ ಮುಚ್ಚುವ ಬೆಟ್ಟ

ಶಿವರಾತ್ರಿ ಕಳೆದರೆ ಚಳಿ ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ ಎನ್ನುವುದು ಬಯಲುಸೀಮೆಯವರ ಲೆಕ್ಕ. ಕುದುರೆಮುಖದ ತಪ್ಪಲಿಗೆ ಆ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಫಾಲ್ಗುಣದಲ್ಲಿ ಬೆಳಗಿನ ಆರು ಗಂಟೆಗೆ ಸಂಸೆ, ಕಳಸದ ಕಡೆ ಕಂಬಳಿ ಬಿಟ್ಟು ಏಳಲು ಇನ್ನೂ ಮನಸ್ಸಾಗದು. ಹತ್ತಾಗುವಷ್ಟರಲ್ಲಿ ಅದೇ ಅಂಗಳದಲ್ಲಿ ಬೆನ್ನು ಚುರುಗುಟ್ಟುತ್ತದೆ. ಇವೆರಡರ ನಡುವೆ ಎಲ್ಲೋ ನಮ್ಮ ಘಟ್ಟದ ವಸಂತವಿದೆ. ಮಬ್ಬು ಹರಿಯುವ ಮೊದಲೇ ಕುಟುರ ಹಕ್ಕಿ ಶುರುಮಾಡಿಕೊಂಡಿರುತ್ತದೆ. ಒಂದು ಕೂಗಿದರೆ ಕಣಿವೆಯಾಚೆಯಿಂದ ಇನ್ನೊಂದರ ಉತ್ತರ. ಹಸಿರು ಮೈಯ ಹಕ್ಕಿ ಹಸಿರು ಎಲೆಯೊಳಗೆ ಕೂತು ಕೂಗುವುದರಿಂದ ಕಣ್ಣಿಗೆ ಬೀಳುವುದು ಅಪರೂಪ. ಕಿವಿಗೆ ಮಾತ್ರ ದಿನವಿಡೀ ಬಿಡುವಿಲ್ಲ.

ಈ ದಿನಗಳಲ್ಲಿ ಬೆಟ್ಟದಿಂದ ಬರುವ ಇನ್ನೊಂದು ಸುದ್ದಿ, ಚಾರಣ ಬಂದ್ ಎನ್ನುವುದು. ಬಿಸಿಲು ಏರುತ್ತಿದ್ದಂತೆ ಅರಣ್ಯ ಇಲಾಖೆ ಘಟ್ಟದ ದಾರಿಗಳನ್ನು ಮುಚ್ಚತೊಡಗುತ್ತದೆ. ಇತ್ತ ಕುದುರೆಮುಖದ ಶಿಖರ, ಅತ್ತ ಕುಮಾರಪರ್ವತ. ಕಾರಣ ಒಂದೇ, ಬೆಂಕಿ. ಮಳೆ ಬಿದ್ದು ನೆಲ ನೆನೆದ ಮೇಲೆ ಮತ್ತೆ ನೋಡೋಣ ಎನ್ನುತ್ತಾರೆ.

ವಸಂತ ಬಂತೆಂದು ಬಾಗಿಲು ತೆಗೆಯುವ ಬೆಟ್ಟಗಳು ಲೋಕದಲ್ಲಿ ಬಹಳ. ಅಮೆರಿಕದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ 12,000 ಅಡಿಗೂ ಎತ್ತರದಲ್ಲಿ ಹಾಯುವ ಟ್ರೇಲ್ ರಿಡ್ಜ್ ರಸ್ತೆ ಚಳಿಗಾಲವೆಲ್ಲ ಹಿಮದಡಿ ಮಲಗಿದ್ದು, ಸಾಮಾನ್ಯವಾಗಿ ಮೇ ತಿಂಗಳ ಕೊನೆಗೆ ತೆರೆಯುತ್ತದೆ. ಉತ್ತರಾಖಂಡದ ಹೂಗಳ ಕಣಿವೆಗೆ ಜೂನ್ 1ಕ್ಕೆ ಜನ ಬಿಡುತ್ತಾರೆ. ಅಲ್ಲೆಲ್ಲ ಹಿಮ ಕರಗುವುದು, ಹೂ ಬಿಡುವುದು, ಜನ ಬರುವುದು ಒಂದರ ಹಿಂದೆ ಒಂದು. ನಮ್ಮ ಘಟ್ಟದಲ್ಲಿ ತಿರುಗುಮುರುಗು. ಚಿಗುರು ಬಂತೋ, ಜನ ಹೊರಗೆ. ಈ ಬೆಟ್ಟದ ವಸಂತವನ್ನು ನೋಡಿದವರು ಅದಕ್ಕೇ ಕಡಿಮೆ. ನೋಡದೆಯೂ ಅದರ ಬಗ್ಗೆ ಒಂದಿಷ್ಟು ಹೊತ್ತು ಯೋಚಿಸುತ್ತ ಕೂರಲು ಬೆಳಗಿನ ಜಾವಕ್ಕಿಂತ ಒಳ್ಳೆಯ ಸಮಯವಿಲ್ಲ.

ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಹಂಚಿಹೋದ ಸುಮಾರು 600 ಚದರ ಕಿಲೋಮೀಟರ್ ಕಾಡು ಕುದುರೆಮುಖದ್ದು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಗುರುತಿಸಿದ್ದು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅದರಲ್ಲಿತ್ತು. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಇಲ್ಲಿನ ಬೆಟ್ಟಗಳ ಮಕ್ಕಳು. ಮೊದಲಿನ ಇಬ್ಬರು ಪೂರ್ವಕ್ಕೆ ಹೋಗಿ ಕೂಡಲಿಯಲ್ಲಿ ಒಂದಾಗುತ್ತಾರೆ, ಮೂರನೆಯವಳು ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ಇದೆಲ್ಲ ಶಾಲೆಯಲ್ಲಿ ಓದಿದ್ದೇ.

ಪುಸ್ತಕದಲ್ಲಿ ಬರದ ಸಂಗತಿ, ಫೆಬ್ರವರಿ–ಮಾರ್ಚಿನಲ್ಲಿ ಈ ಬೆಟ್ಟ ನೋಡಲು ಅಷ್ಟು ಚೆನ್ನಾಗಿರುವುದಿಲ್ಲ ಎನ್ನುವುದು. ನಮ್ಮ ಮೊಬೈಲಿನಲ್ಲಿರುವ ಕುದುರೆಮುಖ ಮಳೆಗಾಲದ್ದು, ಇಲ್ಲವೇ ಮಳೆ ಬಿಟ್ಟ ಮೇಲಿನದು: ಮಂಜು, ಹಸಿರು, ಇನ್ನಷ್ಟು ಹಸಿರು. ವಸಂತದಲ್ಲಿ ಗುಡ್ಡದ ಹುಲ್ಲು ಒಣಗಿ ಗೋಧಿಬಣ್ಣಕ್ಕೆ ತಿರುಗಿರುತ್ತದೆ, ಅದರ ಮೇಲೆ ಅಲ್ಲಲ್ಲಿ ಬೆಂಕಿ ಹರಡದಂತೆ ಮೊದಲೇ ಸುಟ್ಟ ಬೆಂಕಿ ರೇಖೆಗಳ ಕಪ್ಪು ಗೀರು, ದೂರದಲ್ಲಿ ಹಬೆಯಂಥ ಮಸುಕು. ಹೂವಿನ ವಸಂತ ಬೇಕೆಂದವರು ಕೆಳಗೆ ನಾಡಿನಲ್ಲೇ ನೋಡಬೇಕು. ಅಲ್ಲಿ ಬೂರುಗ ಎಲೆಯೆಲ್ಲ ಕಳಚಿ ಕೆಂಪಾಗಿ ನಿಂತಿರುತ್ತದೆ, ತೋಟದ ಹಾಲುವಾಣದ ತುದಿಗೆ ಮೈನಾಗಳ ಜಗಳ.

ಮೇಲೆ, ಕಾಡಿನೊಳಗೆ, ವಸಂತ ಎಲೆಯಲ್ಲಿದೆ. ನಿತ್ಯಹರಿದ್ವರ್ಣ ಎಂದ ಮಾತ್ರಕ್ಕೆ ಎಲೆ ಬದಲಾಗುವುದೇ ಇಲ್ಲವೆಂದಲ್ಲ. ಮರ ಬೋಳಾಗದೆ, ಹಳೆಯದರ ನಡುವೆಯೇ ಹೊಸದನ್ನು ತರುತ್ತದೆ, ಅಷ್ಟೇ. ಆ ಹೊಸದು ಹಸಿರಾಗಿಯೂ ಇರುವುದಿಲ್ಲ. ನಾಗಸಂಪಿಗೆಯ ಚಿಗುರು ಅಪ್ಪಟ ಕೆಂಪು, ಎಳೆಯ ರೇಷ್ಮೆಯ ಹಾಗೆ ಜೋತಾಡುತ್ತದೆ. ಇನ್ನೂ ಕೆಲವು ಮರಗಳದ್ದು ತಾಮ್ರ, ಕೆಲವುಗಳದ್ದು ನಸುಗೆಂಪು. ಎಳೆ ಎಲೆಯಲ್ಲಿ ಹಸಿರು ಇನ್ನೂ ತುಂಬಿಕೊಂಡಿರದ ದಿನಗಳಲ್ಲಿ ಆಂಥೋಸಯನಿನ್ ಎಂಬ ಕೆಂಪು ವರ್ಣಕ ಅದನ್ನು ಪ್ರಖರ ಬಿಸಿಲಿನಿಂದ ಕಾಯುತ್ತದೆ, ಪ್ರಾಯಶಃ ಎಲೆ ತಿನ್ನುವ ಹುಳಗಳನ್ನೂ ದೂರವಿಡುತ್ತದೆ ಎಂದು ಸಸ್ಯಶಾಸ್ತ್ರ ಬಲ್ಲವರು ಹೇಳುತ್ತಾರೆ. ನನಗೆ ಹೆಚ್ಚು ಹಿಡಿಸುವುದು ಅದರ ಕಾಲಜ್ಞಾನ. ವರ್ಷದಲ್ಲೇ ಒಣಗಿದ ಹೊತ್ತಿನಲ್ಲಿ, ಮಳೆಗೆ ಇನ್ನೂ ಮೂರು ತಿಂಗಳಿರುವಾಗ, ಮರ ಅತ್ಯಂತ ಮೆದುವಾದ ಎಲೆಯನ್ನು ಹೊರಗೆ ಚಾಚುತ್ತದೆ. ಕಳೆದ ವರ್ಷದ ನೀರು ನೆಲದಾಳದಲ್ಲಿದೆ ಎಂಬ ನೆಚ್ಚಿಕೆ ಅದಕ್ಕೆ. ಇಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಹುಲ್ಲುಗುಡ್ಡಗಳ ನಡುವಿನ ಮಡಿಕೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ನೆಲ ಅದನ್ನು ಹೀರಿಟ್ಟುಕೊಂಡು, ಈಗ, ಹುಲ್ಲು ಕಡ್ಡಿಯಾದ ಈ ಹೊತ್ತಿನಲ್ಲಿ, ಹಳ್ಳಗಳಿಗೆ ತಟತಟ ಬಿಡುತ್ತಿರುತ್ತದೆ. ಆಷಾಢದ ಹೊತ್ತಿಗೆ ಎಲೆ ಬಲಿತು, ಕಡುಹಸಿರಾಗಿ, ಎಂಥ ಮಳೆಗೂ ಮುಖ ಕೊಡಲು ಸಿದ್ಧ.

ಸುರಗಿ ಹೂ ಬಿಡುವುದೂ ಈ ದಿನಗಳಲ್ಲೇ. ಕೊಂಬೆಗೇ ಅಂಟಿಕೊಂಡು ಅರಳುವ ಪುಟ್ಟ ಬಿಳಿ ಹೂ. ಒಣಗಿದ ಮೇಲೂ ವಾಸನೆ ಬಿಡದ ಹೂವೆಂದು ಮಲೆನಾಡಿನ ಹೆಂಗಸರು ದಂಡೆ ಕಟ್ಟಿ ಪೆಟ್ಟಿಗೆಯ ಸೀರೆಗಳ ನಡುವೆ ಇಡುತ್ತಿದ್ದುದುಂಟು. ಜೇನಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಎಲ್ಲಿ. ಬೆಳಕಾದರೆ ಮರವೇ ಗುಂಯ್‌ಗುಡುತ್ತದೆ.

ಮಂಗಟ್ಟೆ ಹಕ್ಕಿಯ ಮಾತು ಬೇರೆಯೇ. ದೊಡ್ಡ ಮರವೊಂದರ ಪೊಟರೆಯೊಳಗೆ ಹೆಣ್ಣು ಹೋಗಿ ಕೂತು, ಬಾಗಿಲನ್ನು ಒಳಗಿನಿಂದಲೇ ಮುಚ್ಚಿಕೊಳ್ಳುವ ಕಾಲ ಇದು. ತನ್ನ ಹಿಕ್ಕೆ, ಹಣ್ಣಿನ ಚೂರುಗಳನ್ನೇ ಗಾರೆ ಮಾಡಿ ಮೆತ್ತುತ್ತದೆ. ಗಂಡಿನ ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಮುಂದೆ ವಾರಗಟ್ಟಲೆ, ತಿಂಗಳುಗಟ್ಟಲೆ, ಅದರ ಮತ್ತು ಮರಿಯ ಅನ್ನವೆಲ್ಲ ಆ ಸೀಳಿನಿಂದಲೇ. ಗಂಡು ಆಲ, ಬಸರಿ, ಅತ್ತಿಗಳ ಜಾತಿಯ ಹಣ್ಣನ್ನು ಗಂಟಲಲ್ಲಿ ತುಂಬಿಕೊಂಡು ಬರುತ್ತದೆ, ಒಂದೊಂದಾಗಿ ಮೇಲೆ ತಂದು ಕೊಡುತ್ತದೆ. ಮರದ ಬುಡದಲ್ಲಿ ಜನ ನಿಂತಿದ್ದರೆ ಅದು ಗೂಡಿನ ಹತ್ತಿರ ಬರಲು ಹಿಂಜರಿಯುತ್ತದೆ. ಕೆಳಗೆ ನಿಂತವರಿಗೆ ಅದು ತಿಳಿಯುವುದೂ ಇಲ್ಲ. ಅವರು ಸದ್ದು ಮಾಡಿರುವುದಿಲ್ಲ, ಕಸ ಎಸೆದಿರುವುದಿಲ್ಲ, ಬರೀ ಇಷ್ಟಪಟ್ಟು ನೋಡುತ್ತ ನಿಂತಿರುತ್ತಾರೆ. ಒಳಗೆ ಎರಡು ಹೊಟ್ಟೆ ಕಾಯುತ್ತಿರುತ್ತವೆ.

ಹಾಗೆಂದು ಇಲಾಖೆ ದಾರಿ ಮುಚ್ಚಿದ್ದು ಮಂಗಟ್ಟೆಗಾಗಿ ಎಂದು ನಾವು ಭಾವುಕರಾಗಬೇಕಾಗಿಲ್ಲ. ಮುಚ್ಚಿದ್ದು ಬೆಂಕಿಕಡ್ಡಿಗೆ ಹೆದರಿ. ಘಟ್ಟದ ಕಾಡಿಗೆ ತಾನಾಗಿ ಬೆಂಕಿ ಬೀಳುವುದು ಬಹಳ ಅಪರೂಪ. ಹೆಚ್ಚುಕಡಿಮೆ ಎಲ್ಲ ಬೆಂಕಿಯ ಹಿಂದೆಯೂ ಮನುಷ್ಯನ ಕೈ ಇದೆ. ಸೇದಿ ಎಸೆದ ಬೀಡಿ, ಚಹಾ ಕಾಸಿ ಆರಿಸದೆ ಬಿಟ್ಟ ಒಲೆ, ಹೊಸ ಹುಲ್ಲು ಬರಲೆಂದು ಹಚ್ಚಿದ್ದು, ಕೆಲವೊಮ್ಮೆ ಹಗೆಯಿಂದ ಹಚ್ಚಿದ್ದು. ಕಡಿದಾದ ಗುಡ್ಡದ ಒಣಹುಲ್ಲಿಗೆ ಹತ್ತಿದರೆ ಅದು ಮೇಲ್ಮುಖವಾಗಿ ಓಡುವ ವೇಗ ಮನುಷ್ಯನಿಗಿಲ್ಲ. ಶೋಲಾದ ಒಳಗೆ ತೇವವಿರುವುದರಿಂದ ಬೆಂಕಿ ಸಾಮಾನ್ಯವಾಗಿ ಅಂಚಿಗೆ ಬಂದು ಸೋಲುತ್ತದೆ, ಸೋಲುವಾಗ ಅಂಚಿನ ಎಳೆ ಗಿಡಗಳನ್ನು ಕರಕು ಮಾಡಿಯೇ ಹೋಗುತ್ತದೆ. ಹುಲ್ಲಿನ ಬೇರು ಸಾಯುವುದಿಲ್ಲ, ಒಂದು ಮಳೆಗೆ ಮತ್ತೆ ಚಿಗುರುತ್ತದೆ, ಕಾಟಿ ಕಡವೆಗಳು ಅದನ್ನು ಹುಡುಕಿಕೊಂಡು ಬರುತ್ತವೆ. ಬೆಂಕಿ ಬರೀ ಶತ್ರು ಎನ್ನುವುದೂ ಪೂರ್ತಿ ನಿಜವಲ್ಲ, ತಜ್ಞರಲ್ಲೇ ಈ ಬಗ್ಗೆ ವಾದವಿದೆ. ಆದರೆ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗೆ, ಹಾವು ಹಲ್ಲಿಗೆ ಆ ವಾದ ಮುಗಿಯುವವರೆಗೆ ಕಾಯಲು ಆಗುವುದಿಲ್ಲ.

ಈಗ ಉಪಗ್ರಹವೂ ಕಾವಲಿಗಿದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಆಕಾಶದಿಂದ ಬಿಸಿ ಚುಕ್ಕಿ ಕಂಡರೆ ಕೆಳಗಿನ ಸಿಬ್ಬಂದಿಯ ಫೋನಿಗೆ ಸಂದೇಶ ಕಳಿಸುತ್ತದೆ. ಫೋನಿಗೆ ಬಂದದ್ದು ನಿಜ, ಅಲ್ಲಿಗೆ ನಡೆದೇ ಹೋಗಬೇಕು ಎನ್ನುವುದೂ ನಿಜ. ಹೋದ ಮೇಲೆ ಹಸಿ ಸೊಪ್ಪಿನ ಟೊಂಗೆ ಮುರಿದು ಬಡಿಯುವುದೇ ಇವತ್ತಿಗೂ ಮುಖ್ಯ ಉಪಾಯ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ, ಹೀಗೆ ಬಡಿಯಲು ಹೋದ ಅರಣ್ಯ ರಕ್ಷಕರು ಪ್ರಾಣ ಬಿಟ್ಟರು. ಎರಡೂ ಇದೇ ತಿಂಗಳು, ನಾವು ವಸಂತ ಎನ್ನುವ ತಿಂಗಳು.

ಇನ್ನು ನಮ್ಮ, ಅಂದರೆ ಹೋಗುವವರ ವಿಷಯ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಒಬ್ಬರ ಹಿಂದೊಬ್ಬರು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಅದರ ಬೆನ್ನಿಗೇ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಕೆಲಕಾಲ ನಿಲ್ಲಿಸಿತು. ಈಗ ಹೆಸರು ನೋಂದಾಯಿಸಬೇಕು, ಶುಲ್ಕ ಕಟ್ಟಬೇಕು, ದಿನಕ್ಕೆ ಇಂತಿಷ್ಟೇ ಜನ. ಬೇಸರಪಟ್ಟವರಿದ್ದಾರೆ. ನನಗಂತೂ ಅದು ತಡವಾಗಿ ಬಂದ ಒಳ್ಳೆಯ ಬುದ್ಧಿ ಎನಿಸಿತು. ಬೆಟ್ಟ ಹತ್ತಿದ್ದಕ್ಕಿಂತ ಹತ್ತಿದೆನೆಂದು ತೋರಿಸುವುದೇ ದೊಡ್ಡದಾದಾಗ ತುದಿಯಲ್ಲಿ ಕಾಲಿಡಲು ಜಾಗ ಸಾಲದೇ ಹೋಗುತ್ತದೆ.

ಸಂದರ್ಶಕರನ್ನು ಬೈಯುವಾಗ ಒಂದು ಹಳೆಯ ಲೆಕ್ಕವನ್ನೂ ನೆನೆಯಬೇಕು. ಇದೇ ಕುದುರೆಮುಖದ ಬೆಟ್ಟದಲ್ಲಿ ಕಬ್ಬಿಣದ ಅದಿರಿಗಾಗಿ ದಶಕಗಟ್ಟಲೆ ಗಣಿಗಾರಿಕೆ ನಡೆಯಿತು. ಅದಿರನ್ನು ನೀರಿನಲ್ಲಿ ಕದಡಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸುತ್ತಿದ್ದರು, ಉಳಿದ ಕೆಸರಿಗಾಗಿ ಲಕ್ಯಾ ಅಣೆಕಟ್ಟು ಎದ್ದಿತು. 2002ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಲು ಹೇಳಿತು, 2005ರ ಕೊನೆಗೆ ಯಂತ್ರಗಳು ನಿಂತವು. ಗಣಿಯ ಆ ಮೆಟ್ಟಿಲು ಗುಡ್ಡ, ಖಾಲಿ ಬಿದ್ದ ಟೌನ್‌ಶಿಪ್ಪಿನ ಮನೆಗಳು ಈಗಲೂ ಇವೆ. ಅಂಥದ್ದನ್ನೇ ತಡೆದುಕೊಂಡ ಕಾಡು ಇದು ಎಂದು ಸಮಾಧಾನಪಡುವವರೂ ಇದ್ದಾರೆ. ತಡೆದುಕೊಂಡಿತು ಎನ್ನಲು ಎಲ್ಲ ಲೆಕ್ಕ ಬಂದಿದೆಯೇ ಎನ್ನುವುದು ನನ್ನ ಅನುಮಾನ. ಈ ಕಾಡಿನ ಸಿಂಗಳೀಕ ಒಂದು ಮರದಿಂದ ಇನ್ನೊಂದಕ್ಕೆ ಹೋಗುವುದು ಕೊಂಬೆಗೆ ಕೊಂಬೆ ತಾಗಿದಾಗ ಮಾತ್ರ ಸಲೀಸು. ನಡುವೆ ಕಡಿದ ಜಾಗ ಬಂದರೆ ಅದಕ್ಕೆ ನ್ಯಾಯಾಲಯದ ಆದೇಶ ಸೇತುವೆಯಾಗದು.

ದಾರಿ ಮುಚ್ಚಿದಾಗ ಒಳಗೇ ಉಳಿಯುವವರೂ ಇದ್ದಾರೆ. ಉದ್ಯಾನದ ಗಡಿ ಎಳೆಯುವ ಎಷ್ಟೋ ಮೊದಲಿನಿಂದ ಇಲ್ಲಿರುವ ಮಲೆಕುಡಿಯರ, ಕೃಷಿಕರ ಮನೆಗಳು. ಕೆಲವರು ಪರಿಹಾರ ಪಡೆದು ಹೊರಟರು, ಕೆಲವರು ಹೋಗಲೊಲ್ಲರು. ಅವರಿಗೆ ವಸಂತವೆಂದರೆ ಕಾಳುಮೆಣಸು ಒಣಗಿಸುವುದು, ಸೊಪ್ಪು ಸೌದೆ, ಅಬ್ಬಿಯ ನೀರು ಎಲ್ಲಿಯವರೆಗೆ ಬಂದೀತು ಎಂಬ ಲೆಕ್ಕ. ಚಾರಣದವರನ್ನು ಕರೆದೊಯ್ಯುವ ಜೀಪಿನವರಿಗೆ, ಹೋಂಸ್ಟೇಯವರಿಗೆ ಇದು ಕೈ ಖಾಲಿಯ ಕಾಲ. ಬಂದ್ ಎನ್ನುವ ಒಂದೇ ಪದ ನಗರದವನಿಗೆ ಒಂದು ಶನಿವಾರದ ನಷ್ಟ, ಇವರಿಗೆ ಒಂದು ಋತುವಿನದ್ದು. ಕಾಡಿಗೆ ಬಿಡುವು ಬೇಕೆಂದು ಮನಸಾರೆ ಒಪ್ಪುವವರು, ಆ ಬಿಡುವಿನ ಖರ್ಚು ಯಾರ ಮನೆಯಿಂದ ಹೋಗುತ್ತಿದೆ ಎಂದೂ ಕೇಳಬೇಕಾಗುತ್ತದೆ. ನಾನು ಒಪ್ಪುವವರ ಕಡೆಯವನೇ, ಆದ್ದರಿಂದ ಕೇಳುವುದು ನನ್ನ ಪಾಲಿಗೂ ಬಂತು.

ಇಷ್ಟರಲ್ಲಿ ತೋಟದವರೆಲ್ಲ ಆಕಾಶ ನೋಡತೊಡಗಿರುತ್ತಾರೆ. ಸರಿಯಾದ ಸಮಯಕ್ಕೆ ಒಂದು ಹದವಾದ ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಕಾಫಿಗಿಡವೆಲ್ಲ ಬೆಳ್ಳಗೆ ಅರಳುತ್ತದೆ, ಮುಂದಿನ ವರ್ಷದ ಬೆಳೆ ಅಲ್ಲಿಗೆ ಅರ್ಧ ನಿಶ್ಚಯ. ಅದೇ ಮಳೆ ಮೇಲಿನ ಹುಲ್ಲನ್ನೂ ನೆನೆಸುತ್ತದೆ, ಅರಣ್ಯ ಕಚೇರಿಗಳಲ್ಲಿ ಒಂದು ವಾರ ನೆಮ್ಮದಿಯ ನಿದ್ದೆ. ಬೆಂಕಿ ಕಾಯಲೆಂದು ಇಲಾಖೆ ಬೇಸಿಗೆಗೆ ಮಾತ್ರ ಸೇರಿಸಿಕೊಳ್ಳುವ ವಾಚರುಗಳು ಹೆಚ್ಚಾಗಿ ಸುತ್ತಲಿನ ಊರುಗಳ ಹುಡುಗರೇ. ಬೆಳಗಿನ ಹೊತ್ತಿಗೇ ಅವರು ಬುತ್ತಿ, ನೀರಿನ ಬಾಟಲಿ, ಕತ್ತಿ ಹಿಡಿದು ಗುಡ್ಡದ ನೆತ್ತಿಗೆ ಹೊರಟಿರುತ್ತಾರೆ; ದಿನವೆಲ್ಲ ಅಲ್ಲಿ ಕೂತು ನಾಲ್ಕೂ ದಿಕ್ಕಿಗೆ ಹೊಗೆ ಹುಡುಕುವುದು ಕೆಲಸ. ನಾವು ಯಾರೂ ಕಾಣದ ವಸಂತವನ್ನು ಪೂರ್ತಿಯಾಗಿ ಕಾಣುವವರು ಅವರು ಮಾತ್ರ. ಮಳೆಗಾಲ ಹಿಡಿದ ದಿನ ಅವರ ಕಾವಲು ಮುಗಿಯುತ್ತದೆ. ದಿನಗೂಲಿಯೂ ಅಂದೇ ನಿಲ್ಲುತ್ತದೆ.