ಅವ್ವನ ಕಡಗ ಮತ್ತು ಇಂದಿನ ದರ



ಸೊನ್ನ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಭೀಮಾ ನದಿಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜು. 2025ರ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್‌ಗೆ ಮೊದಲು, ಆ ಕಡೆಯ ಒಂದು ಕುಟುಂಬಕ್ಕೆ ಮನೆ ಭೇಟಿಗೆಂದು ಹೋಗಿದ್ದೆ. ಮನೆಯ ಯಜಮಾನರು ಶಾಲಾ ಮಾಸ್ತರರು. ಅಚ್ಚುಕಟ್ಟಿನ ಮನುಷ್ಯ, ಸಾಲ ಮಾಡಿದವರಲ್ಲ, ಭಾನುವಾರದ ಬಲಿಪೂಜೆ ತಪ್ಪಿಸಿದವರಲ್ಲ. ಪ್ರಾರ್ಥನೆ ಮುಗಿದು ಚಹಾ ಬರುವಷ್ಟರಲ್ಲಿ, "ಫಾದರ್, ಒಂದು ತೋರಸ್ತೀನಿ ನೋಡ್ರಿ" ಎಂದು ಕಂಪ್ಯೂಟರ್ ತೆರೆದರು.

ಪರದೆಯ ಮೇಲೆ ಎಕ್ಸೆಲ್ ಹಾಳೆ. ಮನೆಯಲ್ಲಿರುವ ಬೆಳ್ಳಿಯೆಲ್ಲ ಅದರಲ್ಲಿ ಸಾಲಾಗಿ ನಿಂತಿತ್ತು. ಅವ್ವನ ಕಾಲ್ಗಡಗ ಒಂದು ಜೊತೆ, 40 ತೊಲಿ. ಹೆಂಡತಿಯ ಗೆಜ್ಜೆ, ಕಾಲುಂಗುರ. ಮಗನಿಗೆ ಚಿಕ್ಕವನಿದ್ದಾಗ ಕಟ್ಟಿದ್ದ ಉಡಿದಾರ. ಎರಡು ಬಟ್ಟಲು, ಒಂದು ತಟ್ಟೆ. ನಿಜಾಮರ ಕಾಲದ ಹಾಲಿ ಸಿಕ್ಕಾ ರೂಪಾಯಿಗಳು, ಬ್ರಿಟಿಷ್ ರಾಜನ ಮುಖವಿರುವ ರೂಪಾಯಿಗಳು. ಸಂಬಳ ಬಂದಾಗಲೆಲ್ಲ ಕಲಬುರಗಿಯ ಸರಾಫ್ ಬಜಾರಿನಿಂದ ತಂದ ಹತ್ತು ಗ್ರಾಮಿನ, ಐವತ್ತು ಗ್ರಾಮಿನ ಹೊಸ ನಾಣ್ಯಗಳು. ಪ್ರತಿಯೊಂದರ ಎದುರಿಗೆ ತೂಕ, ಕೊಂಡ ಬೆಲೆ, ಇಂದಿನ ಬೆಲೆ. ಮೇಲುಗಡೆ ಒಂದು ಮನೆಯಲ್ಲಿ ಆ ದಿನದ ದರ ಬರೆದರೆ ಸಾಕು, ಕೆಳಗಿನ ಮೊತ್ತವೆಲ್ಲ ತಾನೇ ಬದಲಾಗುತ್ತದೆ. ಅವರು ದರ ಬದಲಿಸಿದರು, ಮೊತ್ತ ಏರಿತು, ಅವರ ಮುಖವೂ ಅರಳಿತು.

ಆ ಸಂತೋಷಕ್ಕೆ ಕಾರಣವಿತ್ತೆನ್ನಿ. 2025ರ ಆರಂಭದಲ್ಲಿ ಕಿಲೋಗೆ ಸುಮಾರು 90 ಸಾವಿರ ರೂಪಾಯಿ ಇದ್ದ ಬೆಳ್ಳಿ ಆ ಡಿಸೆಂಬರ್‌ನಲ್ಲಿ ಎರಡು ಲಕ್ಷ ದಾಟಿತ್ತು.

ಮಾಸ್ತರರ ಲೆಕ್ಕದಲ್ಲಿ ಒಂದು ತಪ್ಪು ಕಂಡಿತು, ಹೇಳಿದೆ. ಎಲ್ಲವನ್ನೂ ಅವರು ಅಪ್ಪಟ ಬೆಳ್ಳಿಯೆಂದೇ ಹಿಡಿದಿದ್ದರು. ಹಾಲಿ ಸಿಕ್ಕಾ ರೂಪಾಯಿಯ ತೂಕ ಸುಮಾರು 11.2 ಗ್ರಾಂ, ಅದರಲ್ಲಿ ಬೆಳ್ಳಿ ನೂರಕ್ಕೆ 82ರಷ್ಟು. ಬ್ರಿಟಿಷ್ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ಬೆಳ್ಳಿ ನೂರಕ್ಕೆ ಸುಮಾರು 92. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಹಳ್ಳಿಯ ಪತ್ತಾರರು ಮಾಡಿದ ಹಳೆಯ ಕಡಗದಲ್ಲಿ ಎಷ್ಟು ಬೆಳ್ಳಿ, ಎಷ್ಟು ತಾಮ್ರ ಎಂಬುದು ಒರೆಗೆ ಹಚ್ಚಿದ ಮೇಲೆಯೇ ಗೊತ್ತಾಗುವಂಥದ್ದು. ಅವರು ತಕ್ಷಣ ಇನ್ನೊಂದು ಕಾಲಂ ಸೇರಿಸಿದರು. ಮೊತ್ತ ಇಳಿಯಿತು. ಮುಖ ಸ್ವಲ್ಪ ಬಾಡಿತು. ಕಪಾಟಿನಲ್ಲಿದ್ದ ಬೆಳ್ಳಿ ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ!

ಇಷ್ಟಕ್ಕೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಚಹಾದ ಬಟ್ಟಲು ತೆಗೆದುಕೊಳ್ಳಲು ಬಂದ ಮನೆಯಾಕೆ ಮೆಲ್ಲಗೆ ಹೇಳಿದರು: "ಅಕ್ಕಾರು ಎರಡು ಸಲ ಫೋನ್ ಮಾಡ್ಯಾರ್ರಿ ಫಾದರ್. ಇವರಿಗೆ ನೀವರ ಒಂದು ಮಾತು ಹೇಳ್ರಿ."

ಮಾಸ್ತರರ ಅಕ್ಕ ಅಫಜಲಪುರ ತಾಲೂಕಿನ ನದಿ ದಂಡೆಯ ಊರಿನಲ್ಲಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ಬಂದಾಗ ಅವರ ತೊಗರಿ ಹೊಲ ನೀರಿನಡಿ ಹೋಯಿತು. ಅವರು ಕೇಳಿದ್ದು ದಾನವನ್ನಲ್ಲ, ಸಾಲವನ್ನೂ ಅಲ್ಲ. ತೀರಿಕೊಂಡ ಅವ್ವನ ಕಡಗದಲ್ಲಿ ತಮ್ಮ ಪಾಲನ್ನು. ಮಾಸ್ತರರು ಇಲ್ಲವೆಂದಿರಲಿಲ್ಲ. "ಕೊಡಬಾರದಂತಲ್ರಿ ಫಾದರ್. ಈಗ ಮಾರಿದ್ರ ಲುಕ್ಸಾನ ಆಗ್ತದ. ಇನ್ನೂ ಏರ್ಲತ್ತಾದ. ಅಕ್ಕಗೂ ಹೆಚ್ಚಿಗಿ ಸಿಗ್ತದಲ್ರಿ" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೆಯೇ ನಂಬಿದ್ದರು. ನನಗೆ ಆಗ ಏನು ಹೇಳಬೇಕೆಂದು ತೋಚಲಿಲ್ಲ. ಬಸ್ಸಿನಲ್ಲಿ ಬರುತ್ತಾ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಒಂದು ಉದಾಹರಣೆ ನಮ್ಮನ್ನು ನಗಿಸಿತ್ತು. ಪಾದರಕ್ಷೆಗೆ ಎರಡು ಉಪಯೋಗ ಎನ್ನುತ್ತಾನೆ ಆತ. ಮೆಟ್ಟಿಕೊಂಡು ನಡೆಯುವುದು ಒಂದು, ಕೊಟ್ಟು ಬೇರೊಂದನ್ನು ಪಡೆಯುವುದು ಇನ್ನೊಂದು. ಎರಡೂ ಪಾದರಕ್ಷೆಯ ಉಪಯೋಗವೇ, ಆದರೆ ಅದು ಹುಟ್ಟಿದ್ದು ಮೊದಲನೆಯದಕ್ಕೆ. ಎರಡನೆಯದನ್ನೇ ಹಿಡಿದು ಹೊರಟವನಿಗೆ ಒಂದು ಅಪಾಯವುಂಟು ಎಂದು ಆತ ಎಚ್ಚರಿಸುತ್ತಾನೆ: ಮೆಟ್ಟುವವನಿಗೆ ಒಂದೆರಡು ಜೊತೆ ಸಾಕು, ಹಣಕ್ಕಾಗಿ ಹಣ ಕೂಡಿಸುವವನಿಗೆ ಸಾಕು ಎಂಬ ಗಡಿಯೇ ಇಲ್ಲ. ಆ ವಯಸ್ಸಿನಲ್ಲಿ ನಕ್ಕೆವು. ಸೊನ್ನದ ಆ ಪರದೆಯ ಮುಂದೆ ನಗು ಬರಲಿಲ್ಲ.

ಹಾಗೆಂದು ಅವ್ವನ ಕಾಲದವರು ಬೆಳ್ಳಿಯನ್ನು ಬರೇ ಅಂದಕ್ಕೆ ಇಟ್ಟುಕೊಂಡಿದ್ದರು ಎಂದುಕೊಳ್ಳಬೇಡಿ. ಬ್ಯಾಂಕು ಕಾಣದ ಊರುಗಳಲ್ಲಿ ರೈತ ಹೆಣ್ಣುಮಕ್ಕಳ ಕಾಲೇ ಬ್ಯಾಂಕು. ಸುಗ್ಗಿ ಚೆನ್ನಾದ ವರ್ಷ ಕಡಗ ದಪ್ಪವಾಗುತ್ತಿತ್ತು, ಬರ ಬಂದ ವರ್ಷ ಪತ್ತಾರನ ತಕ್ಕಡಿಗೆ ಹೋಗುತ್ತಿತ್ತು. 1972ರ ಬರವನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಆ ತಾಯಂದಿರಿಗೆ ಓದು ಬಾರದಿದ್ದರೂ ತಮ್ಮ ಕಡಗ ಎಷ್ಟು ತೊಲಿ ಎಂಬುದು ಗೊತ್ತಿತ್ತು. ಆದ್ದರಿಂದ ಲೆಕ್ಕ ಇಡುವುದು ಹೊಸ ಪಾಪವೇನೂ ಅಲ್ಲ.

ಪವಿತ್ರ ಗ್ರಂಥವೂ ಎಣಿಕೆಯನ್ನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಅರಣ್ಯದಲ್ಲಿ ಇಸ್ರಯೇಲರನ್ನು ಎಣಿಸುವಂತೆ ಮೋಶೆಗೆ ಅಪ್ಪಣೆ ಕೊಟ್ಟವರು ದೇವರೇ. ಮುಂದೆ ದಾವೀದನು ತನ್ನ ಜನರನ್ನು ಎಣಿಸಿದಾಗ ಅದು ಅವನ ಮನಸ್ಸಾಕ್ಷಿಯನ್ನು ಚುಚ್ಚಿತು, ನಾಡಿಗೆ ವಿಪತ್ತು ತಂದಿತು. ಕೆಲಸ ಒಂದೇ, ಅದರ ಹಿಂದಿನ ಮನಸ್ಸು ಬೇರೆ. ಲೂಕನ ಶುಭಸಂದೇಶದ 15ನೆಯ ಅಧ್ಯಾಯದ ಹೆಂಗಸನ್ನು ನೆನೆಯಿರಿ. ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದು ಕಳೆಯಿತೆಂದು ದೀಪ ಹಚ್ಚಿ ಮನೆ ಗುಡಿಸಿದಳು. ಎಣಿಸದಿದ್ದರೆ ಕಳೆದದ್ದೇ ಅವಳಿಗೆ ತಿಳಿಯುತ್ತಿರಲಿಲ್ಲ. ಆ ಲೆಕ್ಕದ ಹೆಂಗಸನ್ನು ಪ್ರಭು ಗದರಿಸಲಿಲ್ಲ, ದೇವರ ಅಕ್ಕರೆಗೇ ಹೋಲಿಸಿದರು. ಸಿಕ್ಕ ಮೇಲೆ ಅವಳು ಮಾಡಿದ್ದನ್ನೂ ಗಮನಿಸಿ. ನಾಣ್ಯವನ್ನು ಗಂಟು ಕಟ್ಟಿ ಬಚ್ಚಿಡುವ ಬದಲು ನೆರೆಹೊರೆಯವರನ್ನು ಕರೆದಳು.

ಹಾಗಾದರೆ ಮಾಸ್ತರರ ಹಾಳೆಯಲ್ಲಿ ನನ್ನನ್ನು ಕಾಡಿದ್ದು ಏನು? ಅವ್ವನಿಗೆ ತೂಕ ಗೊತ್ತಿತ್ತು, ಇವರಿಗೆ ದರ ಗೊತ್ತು. ತೂಕ ಇದ್ದಲ್ಲೇ ಇರುತ್ತದೆ. ಮಾರುವ ದಿನ ಯಾವುದೆಂದು ಹೇಳುತ್ತಿದ್ದುದು ಮನೆಯ ಹಸಿವು, ಮಗಳ ಮದುವೆ, ಸತ್ತ ಎತ್ತು. ದರದ ದಾರಿ ಬೇರೆ. ಏರುತ್ತಿದ್ದರೆ, ನಾಳೆ ಇನ್ನೂ ಏರೀತು, ಇಂದು ಬೇಡ. ಇಳಿಯುತ್ತಿದ್ದರೆ, ಮತ್ತೆ ಏರಲಿ, ಇಂದು ಬೇಡ. ನಿಂತಿದ್ದರೆ ಕಾದು ನೋಡೋಣ. ದಿನದಿನವೂ ಬೆಲೆ ಹೇಳುವ ಆ ಹಾಳೆಯಲ್ಲಿ ಕೊಡುವುದಕ್ಕೆ ಸರಿಯಾದ ದಿನವೇ ಇಲ್ಲ. ಅಕ್ಕನ ಫೋನು ಯಾವ ದಿನ ಬಂದರೂ ಅದು ತಪ್ಪು ದಿನವೇ.

ದರ ತಿಳಿದವನೇ ಜಾಣ ಎನ್ನುವವರು 1980ನ್ನೂ ನೆನೆಯಬೇಕು. ಅಮೆರಿಕದ ಹಂಟ್ ಸಹೋದರರು ಬೆಳ್ಳಿಯನ್ನು ರಾಶಿರಾಶಿಯಾಗಿ ಕೊಂಡರು. ಔನ್ಸಿಗೆ ಸುಮಾರು 6 ಡಾಲರ್ ಇದ್ದದ್ದು ವರ್ಷವೊಂದರಲ್ಲಿ 50ರ ಹತ್ತಿರ ಹೋಯಿತು. ಆ ವರ್ಷದ ಮಾರ್ಚ್ 27ರ ಗುರುವಾರ 11ಕ್ಕಿಂತ ಕೆಳಗೆ ಬಿತ್ತು. ಅವರು ಕಾಯುತ್ತಿದ್ದ ಒಳ್ಳೆಯ ದಿನ ಅವರನ್ನು ದಾಟಿ ಹೋಗಿತ್ತು.

ಇನ್ನೊಂದು ಮಾತು, ಇದು ದಯೆಯದಲ್ಲ, ನ್ಯಾಯದ್ದು. ಹಾಳೆಯ ತಲೆಬರಹ "ನನ್ನ ಬೆಳ್ಳಿ" ಎಂದಿತ್ತು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ತಾಯಿ ತೀರಿಕೊಂಡರೆ ಆಕೆಯ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪಾಲು ಸಮ. ಮದುವೆಯಾದ ಮಾತ್ರಕ್ಕೆ ಹೆಂಡತಿಯ ಒಡವೆ ಗಂಡನದಾಗುವುದೂ ಇಲ್ಲ. ಹಾಗೆ ನೋಡಿದರೆ ಗೆಜ್ಜೆಯ ಸಾಲು ಹೆಂಡತಿಯದು, ಉಡಿದಾರ ಮಗನದು, ಕಡಗದಲ್ಲಿ ಒಂದು ಅಕ್ಕನದು. ಮಾಸ್ತರರು ತಮ್ಮದಲ್ಲದರ ಏರಿಕೆಗೂ ಪ್ರತಿದಿನ ಸಂತೋಷಪಡುತ್ತಿದ್ದರು. ನಾವೆಲ್ಲ ಎಷ್ಟೋ ಮನೆಗಳಲ್ಲಿ ಹೀಗೆಯೇ ಅಲ್ಲವೇ? ತಂಗಿಯ ಪಾಲು ನಮ್ಮ ಕಪಾಟಿನಲ್ಲಿ ಇಪ್ಪತ್ತು ವರ್ಷ ಮಲಗಿದರೆ ಅದು ನಮ್ಮದೇ ಎನಿಸಿಬಿಡುತ್ತದೆ.

ತಮ್ಮದೇ ಆದದ್ದರ ಬಗ್ಗೆಯೂ ಸಂತ ಥಾಮಸ್ ಅಕ್ವಿನಾಸರು ಸಡಿಲ ಬಿಡುವುದಿಲ್ಲ. ವಸ್ತುಗಳನ್ನು ಸಂಪಾದಿಸಲು, ನೋಡಿಕೊಳ್ಳಲು ಮನುಷ್ಯನಿಗೆ ಹಕ್ಕಿದೆ ಎಂದು ಒಪ್ಪುತ್ತಾರೆ. ಬಳಸುವಾಗ ಮಾತ್ರ, ಇದ್ದವರೆಲ್ಲರಿಗೂ ಸೇರಿದ್ದೆಂಬಂತೆ, ಕೊರತೆಯಲ್ಲಿರುವವರಿಗೆ ಕೊಡಲು ಸಿದ್ಧರಾಗಿರಬೇಕು ಎನ್ನುತ್ತಾರೆ. ಅವರಿಗಿಂತ ಸುಮಾರು ಒಂಬೈನೂರು ವರ್ಷ ಮೊದಲು ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಆಂಬ್ರೋಸರು ಅದನ್ನು ಮಾಡಿಯೇ ತೋರಿಸಿದ್ದರು. ಯುದ್ಧದಲ್ಲಿ ಸೆರೆಸಿಕ್ಕವರನ್ನು ಬಿಡಿಸಲು ದೇವಾಲಯದ ಪವಿತ್ರ ಪಾತ್ರೆಗಳನ್ನೇ ಒಡೆಸಿ ಮಾರಿದರು. ವಿರೋಧಿಗಳು ಆಡಿಕೊಂಡಾಗ, ಲೋಹದ ಪಾತ್ರೆಗಿಂತ ಜೀವಂತ ಪಾತ್ರೆಗಳನ್ನು ಕಾಪಾಡುವುದು ಮೇಲು ಎಂಬರ್ಥದ ಉತ್ತರ ಕೊಟ್ಟರು. ಲೋಹದ ದರ ಅಂದು ಏರಿತ್ತೋ ಇಳಿದಿತ್ತೋ ಎಂದು ಅವರು ಬರೆದಿಟ್ಟಿಲ್ಲ.

ಇಷ್ಟೆಲ್ಲ ಹೇಳುವ ನಾನು ಒಂದನ್ನು ಒಪ್ಪಿಕೊಳ್ಳಬೇಕು. ಸೊನ್ನದಿಂದ ಬಂದ ಮರುದಿನ ಬಲಿಪೂಜೆ ಮುಗಿಸಿ ಪಾನಪಾತ್ರೆ ಒರೆಸುತ್ತಿದ್ದೆ. ಹಿರಿಯ ಗುರುಗಳೊಬ್ಬರು ಬಿಟ್ಟುಹೋದ ಬೆಳ್ಳಿಯ ಪಾತ್ರೆ ಅದು. ಕೈ ತಾನೇ ಅದನ್ನು ತೂಗಿತು, ಎಷ್ಟು ಗ್ರಾಂ ಇರಬಹುದು ಎಂದು ಮನಸ್ಸು ಕೇಳಿತು. ಸಂಜೆಯೊಳಗೆ ಮೊಬೈಲಿನಲ್ಲಿ ದರ ಎರಡು ಸಲ ನೋಡಿದ್ದೆ. ಈ ರೋಗಕ್ಕೆ ಎಕ್ಸೆಲ್ ಬೇಕೆಂದೇನೂ ಇಲ್ಲ.

ಮಾಸ್ತರರಿಗೆ ಫೋನ್ ಮಾಡಿ, ಹಾಳೆಯನ್ನು ಅಳಿಸಬೇಡಿ ಎಂದೆ. ಒಂದು ಕಾಲಂ ಮಾತ್ರ ಸೇರಿಸಿ, "ಯಾರದು" ಎಂದು. ಅವರು ಬಹಳ ಹೊತ್ತು ಮಾತಾಡಲಿಲ್ಲ. "ನೋಡ್ತೀನ್ರಿ ಫಾದರ್" ಎಂದು ಇಟ್ಟರು.

ಲೆಂತ್ ಕಾಲ ಆರಂಭವಾಗುವ ಹೊತ್ತಿಗೆ ಮತ್ತೆ ಆ ಕಡೆ ಹೋಗಿದ್ದೆ. ಅಕ್ಕ ಬಂದು ಹೋದರಂತೆ. ಕಡಗ ಕತ್ತರಿಸಲಿಲ್ಲ, ಮಾರಿ ಹಣ ಹಂಚಲೂ ಇಲ್ಲ. ಜೊತೆಯನ್ನೇ ಅಕ್ಕನ ಕೈಗಿಟ್ಟರಂತೆ. "ಒಂದು ಕಾಲಿಗೆ ಹ್ಯಾಂಗ ಹಾಕ್ಕೋತಾಳ್ರಿ" ಎಂದರು ಮಾಸ್ತರರು, ನನ್ನ ಮುಖ ನೋಡದೆ. ಅಕ್ಕ ಅದನ್ನು ಮಾರಿ ಬೀಜ ತಂದರೋ, ಕಾಲಿಗೆ ಹಾಕಿಕೊಂಡರೋ, ನಾನು ಕೇಳಲಿಲ್ಲ. ಕಂಪ್ಯೂಟರ್ ಆ ದಿನವೂ ತೆರೆದೇ ಇತ್ತು.