ಬೇರು ಕಡಿದವರು ಯಾರು?

ಜೀವನ್ ಬಿಮಾ ನಗರದಂಥ ಬಡಾವಣೆಯಲ್ಲಿ ಕೇಬಲ್ಲಿಗೋ ನೀರಿನ ಪೈಪಿಗೋ ರಸ್ತೆ ಬದಿ ಅಗೆಯುವಾಗ ಮರದ ಬೇರು ಅಡ್ಡ ಬರುತ್ತದೆ. ಜೆಸಿಬಿ ಒಮ್ಮೆ ಎಳೆದರೆ ಮುಗಿಯಿತು. ಸಂಜೆಗೆ ಗುಂಡಿ ಮುಚ್ಚುತ್ತದೆ, ಮರ ನಿಂತೇ ಇರುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಒಂದು ರಾತ್ರಿ ಅದು ಉರುಳಿದರೆ ನಾವು ಗಾಳಿಯನ್ನು ದೂರುತ್ತೇವೆ, ಮರಕ್ಕೆ ವಯಸ್ಸಾಗಿತ್ತು ಎನ್ನುತ್ತೇವೆ. ಹಾಗಾದರೆ ಅದನ್ನು ಕೊಂದವರು ಯಾರು?

ಕೊಡಲಿ ಹಿಡಿದವನ ಹೊಣೆ ಕಣ್ಣಿಗೆ ಕಾಣುತ್ತದೆ. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕೆಂದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಬೇರಿಗೆ ಪೆಟ್ಟು ಬಿದ್ದಾಗ ಮಾತ್ರ ಕಾರಣಕ್ಕೂ ಫಲಕ್ಕೂ ನಡುವೆ ವರ್ಷಗಳಿವೆ, ಮೇಲೆ ಮಣ್ಣು ಮತ್ತು ಡಾಂಬರು ಇವೆ. ಕೊಲ್ಲುವ ಉದ್ದೇಶವಂತೂ ಯಾರಿಗೂ ಇರಲಿಲ್ಲ. ಆದರೆ ಉದ್ದೇಶ ಇಲ್ಲದಿದ್ದರೆ ತಪ್ಪೂ ಇಲ್ಲವೇ? ತಿಳಿಯದೆ ಮಾಡಿದ್ದಕ್ಕೂ ತಿಳಿದುಕೊಳ್ಳುವ ಗೋಜಿಗೇ ಹೋಗದೆ ಮಾಡಿದ್ದಕ್ಕೂ ವ್ಯತ್ಯಾಸವಿದೆ.

ಇಲ್ಲಿ ತಿಳಿಯಬೇಕಾದದ್ದು ಗುಟ್ಟೇನಲ್ಲ. ಮರದ ಬಹುಪಾಲು ಬೇರುಗಳು ಮೇಲಿನ ಒಂದು ಮೀಟರ್ ಮಣ್ಣಿನಲ್ಲೇ ಹರಡಿರುತ್ತವೆ. ಕಾಂಡದ ವ್ಯಾಸದ 12 ಪಟ್ಟು ದೂರದವರೆಗೆ ಬೇರಿನ ನೆಲವನ್ನು ಕಾಯಬೇಕೆನ್ನುತ್ತದೆ ಬ್ರಿಟಿಷ್ ಮಾನದಂಡ. ಅರ್ಧ ಮೀಟರ್ ದಪ್ಪದ ಮರಕ್ಕೆ ಅದು ಸುತ್ತಲೂ 6 ಮೀಟರ್. ನಮ್ಮ ಅಡ್ಡರಸ್ತೆಗಳಲ್ಲಿ ಅಷ್ಟು ಜಾಗ ಬಿಟ್ಟರೆ ರಸ್ತೆಯೇ ಉಳಿಯುವುದಿಲ್ಲ. ಅದಕ್ಕೇ ಅಲ್ಲಿನ ಯುಟಿಲಿಟಿ ಕೆಲಸದವರ ಮಾರ್ಗಸೂಚಿಯಲ್ಲಿ ಇನ್ನೊಂದು ದಾರಿಯಿದೆ: ಮರದ ಹತ್ತಿರ ಯಂತ್ರ ಬೇಡ, ಕೈಯಿಂದ ಅಗೆಯಿರಿ, 25 ಮಿಲಿಮೀಟರಿಗಿಂತ ದಪ್ಪ ಬೇರನ್ನು ಕಡಿಯದೆ ಅದರ ಕೆಳಗೆ ಪೈಪು ತೂರಿಸಿ.

ಬಾಯಾರಿದ ಮನೆಯ ಮುಂದೆ ಮರದ ಮಾತೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಆಯ್ಕೆ ಇರುವುದು ನೀರು ಮತ್ತು ಮರದ ನಡುವೆ ಅಲ್ಲ. ಒಂದು ದಿನದ ಕೆಲಸ ಮತ್ತು ಮೂರು ದಿನದ ಕೆಲಸದ ನಡುವೆ. ಆ ಎರಡು ದಿನದ ಕೂಲಿಯನ್ನು ಟೆಂಡರಿನಲ್ಲಿ ಬರೆಯದೆ, ಗುದ್ದಲಿ ಹಿಡಿದವನು ಎಚ್ಚರ ತಪ್ಪಿದ ಎನ್ನುವುದು ಅನ್ಯಾಯ. ಮೀಟರ್ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಬೇರು ಉಳಿಸುವುದೆಂದರೆ ತನ್ನ ಊಟವನ್ನೇ ಕಡಿಮೆ ಮಾಡಿಕೊಂಡ ಹಾಗೆ. ಹೊಣೆ ಅಂದಾಜುಪಟ್ಟಿ ಬರೆದವರದು, ಸಹಿ ಹಾಕಿದವರದು, ಕೆಲಸ ಬೇಗ ಮುಗಿಯಲಿ ಎಂದು ಅವಸರಪಡಿಸುವ ನಮ್ಮದೂ ಹೌದು.

ಹುಲಿಕಲ್–ಕುದೂರು ರಸ್ತೆಯ ಆಲದ ಮರಗಳಿಗೆ 2019ರಲ್ಲಿ ರಸ್ತೆ ಅಗಲೀಕರಣದ ಭಯ ಎದುರಾದಾಗ ಸಾಲುಮರದ ತಿಮ್ಮಕ್ಕ ದನಿ ಎತ್ತಿದರು. ಮರಗಳನ್ನು ಉಳಿಸುವುದಾಗಿ ಸರ್ಕಾರ ಹೇಳಿತು. ಮನಸ್ಸಿದ್ದರೆ ನಕ್ಷೆ ಬದಲಾಗುತ್ತದೆ ಎಂದಾಯಿತು. ಆದರೆ ನಮ್ಮ ಅಡ್ಡರಸ್ತೆಯ ಹೊಂಗೆಗೆ ತಿಮ್ಮಕ್ಕನಿಲ್ಲ. ಅದನ್ನು ನೆಟ್ಟವರು ಯಾರೆಂದೂ ಗೊತ್ತಿಲ್ಲ. ಹೆಸರುವಾಸಿ ಮರಕ್ಕೆ ಸಿಕ್ಕ ಕರುಣೆ ಹೆಸರಿಲ್ಲದ ಮರಕ್ಕೆ ಸಿಗಬೇಕಾದರೆ ಅದು ನಿಯಮವಾಗಿ ಬರಬೇಕು.

ಹೆಸರಿನಲ್ಲೇ ಜೀವವಿಮೆ ಇರುವ ಬಡಾವಣೆಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮುಂದೆಂದೋ ಬರಬಹುದಾದ ನಷ್ಟಕ್ಕೆ ಇಂದೇ ಒಂದಿಷ್ಟು ಕಟ್ಟುವುದೇ ವಿಮೆ. ಕೈಯಿಂದ ಅಗೆಯುವ ಆ ಎರಡು ದಿನ ಅಂಥ ಕಂತು. ಅದನ್ನು ಈಗ ನಾವು ಕಟ್ಟದಿದ್ದರೆ, ಮುಂದೊಂದು ಮಳೆಯ ರಾತ್ರಿ ಆ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿಕೊಂಡು ನಿಂತ ಯಾರೋ ಕಟ್ಟುತ್ತಾರೆ.